ಅಂಗಡಿ ಚಿಕ್ಕದಾದ್ರೂ ಕಾನೂನು ಇದೆ: ಕಿರುಕುಳದ ದೂರು ಎಲ್ಲಿ ಕೊಡಬೇಕು?

"ಮರ್ಯಾದೆ ಪ್ರಶ್ನೆ, ಸುಮ್ನೆ ಕೆಲಸ ಬಿಟ್ಬಿಡಮ್ಮ." ಅಂಗಡಿಯಲ್ಲಿ ಲೈಂಗಿಕ ಕಿರುಕುಳ ಆದ ಹೆಣ್ಣುಮಗಳಿಗೆ ಸಾಮಾನ್ಯವಾಗಿ ಸಿಗೋ ಸಲಹೆ ಇದೇ. ತಪ್ಪು ಮಾಡಿದವನು ಅಲ್ಲೇ ಇರ್ತಾನೆ, ಸಂಬಳ ಕಳೆದುಕೊಳ್ಳೋದು ಇವಳು.

2013ರ ಕಾಯ್ದೆ ಹೇಳೋದೇ ಬೇರೆ. 10 ಅಥವಾ ಹೆಚ್ಚು ಕೆಲಸಗಾರರಿದ್ದರೆ ಮಾಲೀಕರು ಆಂತರಿಕ ಸಮಿತಿ ರಚಿಸಲೇಬೇಕು. ತಪ್ಪಿದರೆ 50 ಸಾವಿರ ರೂ.ವರೆಗೆ ದಂಡ. ಅದಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಮಾಲೀಕನ ಮೇಲೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಪಡೆಯಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು. 7 ದಿನದೊಳಗೆ ಅವರು ಅದನ್ನು ಸಮಿತಿಗೆ ಕಳಿಸಬೇಕು.

ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಿ. ಬರೆಯಲು ಆಗದಿದ್ದರೆ ಸಮಿತಿಯವರೇ ನೆರವಾಗಬೇಕು. ಹೆಸರು ಬಹಿರಂಗ ಮಾಡುವಂತಿಲ್ಲ.

ಯಾರಾದ್ರೂ ಕಷ್ಟ ಹೇಳಿಕೊಂಡು ಬಂದ್ರೆ "ಕೆಲಸ ಬಿಡು" ಅನ್ನಬೇಡಿ. "ದೂರು ಬರೆಯೋಣ ಬಾ" ಅನ್ನಿ.