ಎರಡನೆಯ ಮಗನ ಪ್ರಶ್ನೆ

ಪಸ್ಕ ಹಬ್ಬದ ರಾತ್ರಿ ಯೆಹೂದಿಗಳ ಮನೆಯಲ್ಲಿ ಊಟಕ್ಕೆ ಕೂತವರ ಕೈಯಲ್ಲೆಲ್ಲ ಒಂದೊಂದು ಪುಸ್ತಕ ಇರುತ್ತದೆ. ಅದರ ಹೆಸರು ಹಗ್ಗಾದಾ, ಅಂದರೆ ಹೇಳುವುದು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು ಎಂಬ ಕಟ್ಟಳೆಯಿಂದ ಹುಟ್ಟಿದ ಪುಸ್ತಕ. ಹೇಳುವವರು ಹಿರಿಯರಾದರೂ ಬಾಯಿ ತೆರೆಸುವುದು ಮನೆಯ ಅತಿ ಕಿರಿಯ ಮಗು. ಇವತ್ತು ಹುಳಿ ಬರಿಸದ ರೊಟ್ಟಿ ಯಾಕೆ, ಕಹಿ ಸೊಪ್ಪು ಯಾಕೆ ಎಂದು ಅದು ರಾಗವಾಗಿ ಕೇಳುತ್ತದೆ. ಐದು ವರ್ಷದ ಕೂಸು ಕೇಳಿದರೆ ಅಜ್ಜ ಅಜ್ಜಿ ಕರಗಿಹೋಗುತ್ತಾರೆ. ಅದೇ ಕೂಸಿಗೆ ಹದಿನಾಲ್ಕು ತುಂಬಿದಾಗ ಶುರುವಾಗುವುದು ಪಜೀತಿ.

ಆ ವಯಸ್ಸಿನವರಿಗೂ ಹಗ್ಗಾದಾದಲ್ಲಿ ಜಾಗ ಇದೆ. ಅಲ್ಲಿ ನಾಲ್ವರು ಮಕ್ಕಳು ಬರುತ್ತಾರೆ: ಜಾಣ, ದುಷ್ಟ, ಮುಗ್ಧ, ಮತ್ತೆ ಕೇಳಲೂ ಬಾರದವನು. ಎರಡನೆಯವನು ಕೇಳುವುದಿಷ್ಟೆ: ಇದೆಲ್ಲ ನಿಮಗೆ ಯಾಕೆ? ‘ನಮಗೆ’ ಎನ್ನದೆ ‘ನಿಮಗೆ’ ಎಂದದ್ದೇ ಅವನ ತಪ್ಪು. ಅವನ ಹಲ್ಲು ಮೊಂಡಾಗುವಂಥ ಉತ್ತರ ಕೊಡಿ ಎಂದು ತಂದೆಗೆ ಸೂಚನೆಯೂ ಇದೆ. ಹದಿಹರೆಯದ ತರಗತಿಯಲ್ಲಿ ಈ ಭಾಗ ಓದಿದರೆ ಮಕ್ಕಳು ತಟ್ಟನೆ ಎರಡನೆಯವನ ಪಕ್ಷ ಹಿಡಿಯುತ್ತಾರೆ. ಬುದ್ಧಿವಂತ ಶಿಕ್ಷಕರು ಆಗ ಜಾಣ ಮಗನ ಪ್ರಶ್ನೆಯನ್ನೂ ಮುಂದಿಡಬೇಕು. ಬೈಬಲಿನ ಧರ್ಮೋಪದೇಶಕಾಂಡದಿಂದ ಬಂದ ಆ ಪ್ರಶ್ನೆಯ ಹೀಬ್ರೂ ಪಾಠದಲ್ಲೂ ‘ನಿಮಗೆ’ ಎಂದೇ ಇದೆ! ಹಾಗಾದರೆ ಒಬ್ಬ ಜಾಣ, ಇನ್ನೊಬ್ಬ ದುಷ್ಟ ಆದದ್ದು ಹೇಗೆ? ವ್ಯಾಖ್ಯಾನಕಾರರು ಶತಮಾನಗಳಿಂದ ಗುದ್ದಾಡಿದ ಗಂಟು ಇದು. ಮಕ್ಕಳೂ ಗುದ್ದಾಡಲಿ. ಹಬ್ಬವನ್ನು ಕಲಿಸಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದೇ.

ಸಂಪ್ರದಾಯದ ಪ್ರಕಾರ ಹುಡುಗಿ ಹನ್ನೆರಡಕ್ಕೆ, ಹುಡುಗ ಹದಿಮೂರಕ್ಕೆ ಧಾರ್ಮಿಕ ಹೊಣೆಗೆ ಬರುತ್ತಾರೆ. ಹುಡುಗನ ಬಾರ್ ಮಿಟ್ಜ್‌ವಾ ಎಂದರೆ ನೆಂಟರು, ಉಡುಗೊರೆ, ಭೋಜನ. ಅದು ಮುಗಿದದ್ದೇ ಎಷ್ಟೋ ಮನೆಗಳಲ್ಲಿ ಧರ್ಮದ ಪಾಠಕ್ಕೂ ಮಂಗಳ ಹಾಡುತ್ತಾರೆ. ಇದನ್ನು ತಡೆಯಲು ಸುಧಾರಣಾವಾದಿ ಯೆಹೂದಿಗಳು ಇನ್ನೂ ಎರಡು ಮೂರು ವರ್ಷ ಓದಿಸಿ, ಶಾವುಓತ್ ಹಬ್ಬದ ಹೊತ್ತಿಗೆ ‘ದೃಢೀಕರಣ’ ಎಂಬ ಸಮಾರಂಭ ನಡೆಸುವುದುಂಟು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಬೇರೂರಿದ ಪದ್ಧತಿ ಅದು. ಆದರೆ ಆ ಎರಡು ಮೂರು ವರ್ಷ ಕಲಿಸುವುದು ಏನನ್ನು? ಹಳೇ ಕಥೆಗಳನ್ನೇ ಮತ್ತೆ ಹೇಳಿದರೆ ಆಕಳಿಕೆ ಗ್ಯಾರಂಟಿ.

ಪಂಚಾಂಗದಿಂದ ಶುರು ಮಾಡಬಹುದು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಪಸ್ಕವಾದರೋ ವಸಂತದಲ್ಲೇ ಬರಬೇಕು. ಅದಕ್ಕಾಗಿ 19 ವರ್ಷಕ್ಕೆ 7 ಸಲ ಒಂದು ತಿಂಗಳು ಸೇರಿಸುತ್ತಾರೆ. ಅಧಿಕ ಮಾಸ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಅವರಲ್ಲಿ ಹೆಚ್ಚುವುದು ಯಾವಾಗಲೂ ಅದಾರ್ ತಿಂಗಳೇ. ಈಗ ಲೆಕ್ಕ ನೋಡಿ. ಅಧಿಕ ವರ್ಷದಲ್ಲಿ ಒಬ್ಬ ಹುಡುಗ ಮೊದಲ ಅದಾರಿನ 29ಕ್ಕೆ ಹುಟ್ಟಿದ, ಇನ್ನೊಬ್ಬ ಎರಡನೆಯ ಅದಾರಿನ 1ಕ್ಕೆ. ಅವರ ಹದಿಮೂರು ತುಂಬುವ ವರ್ಷದಲ್ಲಿ ಅದಾರ್ ಒಂದೇ ಇದ್ದರೆ, ಕಿರಿಯವನು ಅದರ 1ಕ್ಕೇ ದೊಡ್ಡವನಾಗುತ್ತಾನೆ, ಹಿರಿಯವನು 29ರ ತನಕ ಕಾಯಬೇಕು. ಇಂಥ ಲೆಕ್ಕ ಕೊಟ್ಟು ನೋಡಿ, ಹಿಂದಿನ ಬೆಂಚಿನವರೂ ಪೆನ್ನು ಹಿಡಿಯುತ್ತಾರೆ.

ಸುಕ್ಕೋತ್ ಹಬ್ಬದ ಚಪ್ಪರವೂ ಹಾಗೆಯೇ. ಮಾಡಿಗೆ ನೆಲದಲ್ಲಿ ಬೆಳೆದು ಕಡಿದ ಸೊಪ್ಪು ಕೊಂಬೆಯೇ ಆಗಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಎತ್ತರ ಇಪ್ಪತ್ತು ಮೊಳ ಮೀರಬಾರದು. ಒಂಟೆಯ ಬೆನ್ನ ಮೇಲೆ ಕಟ್ಟಿದ ಚಪ್ಪರ ನಡೆಯುತ್ತದೆಯೇ ಎಂಬ ಪ್ರಶ್ನೆಯನ್ನೂ ಯೆಹೂದಿ ಕಟ್ಟಳೆಗಳ ಹಳೆಯ ಸಂಗ್ರಹವಾದ ಮಿಶ್ನಾ ಬಿಟ್ಟಿಲ್ಲ. ನಡೆಯುತ್ತದೆ, ಆದರೆ ಹಬ್ಬದ ದಿನ ಅದನ್ನು ಹತ್ತುವಂತಿಲ್ಲ! ಚಿಕ್ಕ ಮಕ್ಕಳು ಬಣ್ಣದ ಕಾಗದ ಅಂಟಿಸಲಿ, ಗೂಟ ಹೊಡೆದು ಅಳತೆ ನೋಡುವ ಕೆಲಸ ಹದಿನೈದರವರದು.

ಕಷ್ಟದ ಭಾಗವನ್ನೂ ಮುಚ್ಚಿಡಬಾರದು. ಒಂದು ದಿನದ ಎಣ್ಣೆ ಎಂಟು ದಿನ ಉರಿದ ಹನುಕ್ಕಾ ಹಬ್ಬದ ಪವಾಡ ಎಲ್ಲರಿಗೂ ಗೊತ್ತು. ಗ್ರೀಕ್ ದೊರೆಯ ವಿರುದ್ಧ ಬಂಡೆದ್ದ ಮಕ್ಕಬಿಯರ ಪುಸ್ತಕಗಳು ಆ ಕಾಲಕ್ಕೆ ಹತ್ತಿರದವು, ಅವುಗಳಲ್ಲಿ ಅದರ ಸುಳಿವೇ ಇಲ್ಲ. ಕಥೆ ಬರುವುದು ಶತಮಾನಗಳ ಅನಂತರದ, ಯೆಹೂದಿ ವಿದ್ವಾಂಸರ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ. ಗ್ರೀಕ್ ರೀತಿಗೆ ಒಲಿದ ಯೆಹೂದಿಗಳ ಮೇಲೂ ಮಕ್ಕಬಿಯರು ಕತ್ತಿ ಎತ್ತಿದ್ದರು. ಪೂರಿಮ್ ಹಬ್ಬದಲ್ಲಿ, ಯೆಹೂದಿಗಳನ್ನು ನಿರ್ಮೂಲ ಮಾಡಲು ಹೊರಟಿದ್ದ ಹಾಮಾನನ ಹೆಸರು ಬಂದಾಗಲೆಲ್ಲ ಗಿರಗಟ್ಟೆ ತಿರುಗಿಸಿ ಗದ್ದಲ ಎಬ್ಬಿಸುತ್ತಾರೆ. ಆ ದಿನ ಓದುವ ಎಸ್ತೇರಳ ಪುಸ್ತಕದ ಕೊನೆಗೆ ಯೆಹೂದಿಗಳು ಕೊಂದ ಶತ್ರುಗಳ ಲೆಕ್ಕ 75,000. ಇಡೀ ಪುಸ್ತಕದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಇವನ್ನು ಶಿಕ್ಷಕರು ಹೇಳದಿದ್ದರೆ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ, ಕಂಡಮೇಲೆ ಶಿಕ್ಷಕರ ಮಾತು ನಂಬುವುದಿಲ್ಲ.

ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಲ್ಲಿ ನೀರನ್ನೂ ಮುಟ್ಟದ ಉಪವಾಸ, ಸುಮಾರು 25 ತಾಸು. ಚಿಕ್ಕಂದಿನಲ್ಲಿ ಒಂದೆರಡು ತಾಸು ಊಟ ಮುಂದೂಡಿ ಅಭ್ಯಾಸ ಮಾಡಿಕೊಂಡವರಿಗೆ ಈ ವಯಸ್ಸಿನಲ್ಲಿ ಪೂರ್ತಿ ಉಪವಾಸ. ಹೊಟ್ಟೆ ಚುರುಗುಟ್ಟುವ ಮಧ್ಯಾಹ್ನ ಯೋನನ ಪುಸ್ತಕ ಓದುತ್ತಾರೆ. ಚಿಕ್ಕವರಾಗಿದ್ದಾಗ ಅವರು ಕೇಳಿದ್ದು ಮೀನಿನ ಕಥೆ. ಈಗ ಓದಬೇಕಾದದ್ದು ಕೊನೆಯ ಪುಟ. ಶತ್ರುಗಳ ನಿನೆವೆ ಪಟ್ಟಣವನ್ನು ದೇವರು ಕ್ಷಮಿಸಿಬಿಟ್ಟನಲ್ಲ ಎಂದು ಪ್ರವಾದಿ ಊರಾಚೆ ಮುನಿಸಿಕೊಂಡು ಕೂತಿದ್ದಾನೆ. ಇಷ್ಟು ಜನ, ಇಷ್ಟು ದನಕರು ಇರುವ ಊರಿನ ಮೇಲೆ ನಾನು ಕನಿಕರ ಪಡಬಾರದೇ ಎಂದು ದೇವರು ಕೇಳುತ್ತಾನೆ. ಯೋನ ಏನೆಂದನೋ, ಪುಸ್ತಕದಲ್ಲಿ ಬರೆದಿಲ್ಲ.