ಬೆಂಕಿಯಿಂದ ಬೆಳಕಿಗೆ: ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರ

ಹತ್ತೊಂಬತ್ತನೆಯ ಶತಮಾನದಲ್ಲಿ ಚೆಕ್ ಜನರು ಆಸ್ಟ್ರಿಯಾದ ಚಕ್ರಾಧಿಪತ್ಯಕ್ಕೆ ಒಳಪಟ್ಟಿದ್ದರು. ಆಡಳಿತದಲ್ಲಿ ಜರ್ಮನ್ ಭಾಷೆಗೇ ಪ್ರಾಬಲ್ಯ. ತಮ್ಮ ನುಡಿಯ ನಾಟಕಗಳಿಗೆ ತಮ್ಮದೇ ಆದ ಮಂದಿರವಿರಬೇಕೆಂದು ಬಯಸಿದ ಜನರು ಊರೂರುಗಳಲ್ಲಿ ಚಂದಾ ಎತ್ತಿ, 1868ರ ಮೇ 16ರಂದು ಪ್ರಾಗ್ ನಗರದ ವ್ಲ್ತಾವಾ ನದಿಯ ದಂಡೆಯಲ್ಲಿ ಅಸ್ತಿಭಾರವನ್ನಿಟ್ಟರು. ಯೋಸೆಫ್ ಜೀಟೆಕ್ ಎಂಬ ವಾಸ್ತುಶಿಲ್ಪಿ ರಚಿಸಿದ ಆ ಭವನದಲ್ಲಿ 1881ರ ಜೂನ್ 11ರಂದು ಪ್ರಥಮ ಪ್ರದರ್ಶನ ನಡೆಯಿತು.

ಎರಡು ತಿಂಗಳು ಕಳೆಯುತ್ತಲೇ, ಆಗಸ್ಟ್ 12ರಂದು, ಛಾವಣಿಗೆ ಬೆಂಕಿ ತಗುಲಿತು. ರಂಗಸ್ಥಳವೂ ಪ್ರೇಕ್ಷಕಾಂಗಣವೂ ಭಸ್ಮವಾದವು. ಮಿಂಚುವಾಹಕವನ್ನು ಜೋಡಿಸುತ್ತಿದ್ದ ಕೆಲಸಗಾರರ ಅಜಾಗರೂಕತೆಯೇ ಕಾರಣವೆಂದು ಅಧಿಕಾರಿಗಳು ತಿಳಿಸಿದರು. ಸಿಡಿಲಿನಿಂದ ಕಟ್ಟಡವನ್ನು ಕಾಯಬೇಕಾಗಿದ್ದ ಸಾಧನವೇ ಅದರ ನಾಶಕ್ಕೆ ನಿಮಿತ್ತವಾದುದು ವಿಧಿಯ ವಿಡಂಬನೆಯೇ ಸರಿ!

ಜನರು ಎದೆಗುಂದಲಿಲ್ಲ. 47 ದಿನಗಳಲ್ಲಿ ಸುಮಾರು ಹತ್ತು ಲಕ್ಷ ಗುಲ್ಡನ್ ನಾಣ್ಯ ಕೂಡಿತು. ಯೋಸೆಫ್ ಶುಲ್ಜ್ ಪುನರ್ನಿರ್ಮಾಣದ ಹೊಣೆ ಹೊತ್ತರು. ಅದೇ ವರ್ಷ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ರಂಗಮಂದಿರದಲ್ಲಿ ಅನಿಲದೀಪಗಳಿಂದ ಹೊತ್ತಿದ ಬೆಂಕಿಗೆ ನೂರಾರು ಜನ ಬಲಿಯಾದರು. ತೆರೆದ ಜ್ವಾಲೆಯ ಬಳಿ ಬಟ್ಟೆಯ ಪರದೆಗಳು ತೂಗಾಡುವುದು ಎಷ್ಟು ಅಪಾಯಕರವೆಂಬುದು ಎಲ್ಲರಿಗೂ ಮನದಟ್ಟಾಯಿತು.

ಪ್ರಾಗಿನ ಹೊಸ ಮಂದಿರದಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆ ಕಾಲದ ದೀಪದಲ್ಲಿ ಇದ್ದುದು ಇಂಗಾಲದ ತಂತು. ವಿದ್ಯುತ್ ಹರಿದಾಗ ಅದು ಕಾದು ಪ್ರಜ್ವಲಿಸುತ್ತದೆ. ಗಾಜಿನ ಬುರುಡೆಯಿಂದ ಗಾಳಿಯನ್ನು ತೆಗೆದಿರುವುದರಿಂದ, ಆಮ್ಲಜನಕವಿಲ್ಲದೆ ಉರಿದುಹೋಗುವುದಿಲ್ಲ. ಹೀಗೆ ಬೆಳಕು ಜ್ವಾಲೆಯಿಂದ ಬೇರ್ಪಟ್ಟಿತು.

1883ರ ನವೆಂಬರ್ 18ರಂದು ಸ್ಮೆತಾನಾ ರಚಿಸಿದ ‘ಲಿಬುಶೆ’ ಗೀತನಾಟಕದೊಡನೆ ಮಂದಿರ ಮತ್ತೆ ತೆರೆಯಿತು. ರಂಗದ ಮೇಲ್ಭಾಗದಲ್ಲಿ ಇಂದಿಗೂ ಎರಡೇ ಪದಗಳ ಬರಹವಿದೆ: ‘ನಾರೊದ್ ಸೊಬ್ಯೆ’, ಎಂದರೆ, ‘ರಾಷ್ಟ್ರವು ತನಗಾಗಿ ತಾನೇ’.