ಕೃತ್ತಿಕೆಯ ಲೆಕ್ಕ: ನಕ್ಷತ್ರವೊಂದಕ್ಕೆ 41 ರೂಪಾಯಿ

ಕೃತ್ತಿಕಾ ಗುಚ್ಛದಲ್ಲಿ ನಕ್ಷತ್ರಗಳೆಷ್ಟು? ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣುವುದು ಆರು. ಷಣ್ಮುಖನಿಗೆ ಹಾಲೂಡಿದ ತಾಯಂದಿರ ಲೆಕ್ಕವೂ ಅಷ್ಟೇ. ಕೆಪ್ಲರನ ಗುರು ಮೆಸ್ಟ್ಲಿನ್ 1579ರಲ್ಲಿ, ದೂರದರ್ಶಕ ಇನ್ನೂ ಹುಟ್ಟದ ಕಾಲದಲ್ಲಿ, 11 ಗುರುತಿಸಿದ್ದ. ಗೆಲಿಲಿಯೋ 1610ರಲ್ಲಿ ಅಚ್ಚು ಹಾಕಿಸಿದ ಚಿತ್ರದಲ್ಲಿ 36 ಇವೆ. ಇಂದಿನ ಎಣಿಕೆ ಸಾವಿರ ದಾಟಿದೆ. ಒಟ್ಟು ದ್ರವ್ಯರಾಶಿ ಮಾತ್ರ ಸುಮಾರು 800 ಸೂರ್ಯರಷ್ಟು. ಅಂದರೆ ಗುಂಪಿನ ಬಹುಪಾಲು ಸದಸ್ಯರು ನಮ್ಮ ಸೂರ್ಯನಿಗಿಂತ ಸಣ್ಣವರು, ಮಂಕಾದವರು.

ಎಣಿಕೆಗಿಂತ ಹೆಚ್ಚು ತಲೆನೋವು ತಂದದ್ದು ದೂರ. 1989ರಲ್ಲಿ ಹಾರಿದ ಯುರೋಪಿನ ಹಿಪ್ಪಾರ್ಕಸ್ ಉಪಗ್ರಹ ಸುಮಾರು 390 ಜ್ಯೋತಿರ್ವರ್ಷ ಎಂದಿತು. 2014ರಲ್ಲಿ ರೇಡಿಯೋ ದೂರದರ್ಶಕಗಳ ಅಳತೆ 444 ಎಂದಿತು. ಐವತ್ತು ಚಿಲ್ಲರೆ ಜ್ಯೋತಿರ್ವರ್ಷ ಯಾವ ಲೆಕ್ಕ ಎನ್ನಬೇಡಿ: ದೂರ 390ರಿಂದ 444ಕ್ಕೆ ಏರಿದರೆ ಪ್ರತಿ ನಕ್ಷತ್ರದ ನಿಜವಾದ ಪ್ರಕಾಶವನ್ನೂ ಶೇ. 30ರಷ್ಟು ಏರಿಸಬೇಕು. ಈ ದೂರ ತಿಳಿಯಲು ಅಳೆಯಬೇಕಾದ ಕೋನವೋ, 28 ಕಿ.ಮೀ. ಆಚೆ ಇಟ್ಟ ಒಂದು ಮಿಲಿಮೀಟರ್ ಕಡ್ಡಿಯಷ್ಟು.

2013ರ ಡಿಸೆಂಬರ್‌ನಲ್ಲಿ ಹಾರಿದ ಗಾಯಾ ಉಪಗ್ರಹ 444ರ ಪರವಾಗಿಯೇ ತೀರ್ಪು ಕೊಟ್ಟಿತು. ಈ ಯೋಜನೆಯ ವೆಚ್ಚ ಸುಮಾರು 74 ಕೋಟಿ ಯೂರೋ. ದುಬಾರಿಯೇ, ಆದರೆ ಅದರ ಪಟ್ಟಿಯಲ್ಲಿರುವುದು ಸುಮಾರು 180 ಕೋಟಿ ಕಾಯಗಳು. ಯೂರೋಗೆ 100 ರೂಪಾಯಿ ಎಂದು ಹಿಡಿದರೆ ನಕ್ಷತ್ರವೊಂದಕ್ಕೆ ಬಿದ್ದ ಖರ್ಚು 41 ರೂಪಾಯಿ. ಕೃತ್ತಿಕೆಯ ಸಾವಿರಕ್ಕೆ 41 ಸಾವಿರ. ದೂರದ ಈ ತಕರಾರು ಇಷ್ಟಕ್ಕೆ ಬಗೆಹರಿದದ್ದು ಅಗ್ಗವೆಂದೇ ನನ್ನ ಅಭಿಪ್ರಾಯ.

ದೂರ 444 ಜ್ಯೋತಿರ್ವರ್ಷ ಎಂದಮೇಲೆ, ಮೆಸ್ಟ್ಲಿನ್ ಎಣಿಸುತ್ತಿದ್ದ ಹೊತ್ತಿಗೆ ಅಲ್ಲಿಂದ ಹೊರಟ ಬೆಳಕು ಹೆಚ್ಚುಕಡಿಮೆ ಈಗ ನಮ್ಮ ಕಣ್ಣಿಗೆ ಬೀಳುತ್ತಿದೆ. ಗುಚ್ಛಕ್ಕೆ ಹತ್ತು ಕೋಟಿ ವರ್ಷಕ್ಕೂ ಮಿಕ್ಕಿದ ವಯಸ್ಸು. ಇನ್ನು 25 ಕೋಟಿ ವರ್ಷಗಳಲ್ಲಿ ಚದುರಿಹೋಗಲಿದೆ ಎಂಬ ಅಂದಾಜಿದೆ.

ನೋಡುವವರಿಗೆ ಖರ್ಚು ಕಡಿಮೆ. 50 ಮಿ.ಮೀ. ಮಸೂರದ ಬೈನಾಕ್ಯುಲರ್ ಕತ್ತಲಿಗೆ ಹಿಗ್ಗಿದ 7 ಮಿ.ಮೀ. ಪಾಪೆಗಿಂತ 51 ಪಟ್ಟು ಬೆಳಕು ಹಿಡಿಯುತ್ತದೆ. ಗುಚ್ಛದ ಹರವು ಸುಮಾರು 2 ಡಿಗ್ರಿ, ಹುಣ್ಣಿಮೆ ಚಂದ್ರನ ನಾಲ್ಕು ಪಟ್ಟು. ಹೆಚ್ಚು ದೊಡ್ಡದು ಮಾಡಿ ತೋರಿಸುವ ದೂರದರ್ಶಕದಲ್ಲಿ ಇಡಿಯಾಗಿ ಹಿಡಿಸುವುದಿಲ್ಲ. ಕಾರ್ತಿಕ ಹುಣ್ಣಿಮೆಯಂದು ಚಂದ್ರ ಕೃತ್ತಿಕೆಯ ಆಸುಪಾಸಿನಲ್ಲೇ ಇರುತ್ತಾನೆ, ಅಂದು ಬೇಡ. ಡಿಸೆಂಬರ್‌ನ ಅಮಾವಾಸ್ಯೆ ಆಸುಪಾಸಿನಲ್ಲಿ, ರಾತ್ರಿ ಎಂಟರ ಮೇಲೆ, ಊರ ದೀಪಗಳಿಂದ ದೂರ ಹೋಗಿ ನೋಡಿ.